ಹುಬ್ಬಳ್ಳಿಯ ತಾಂತ್ರಿಕ ವಿಶ್ವವಿದ್ಯಾಲಯ: ದಾನದ ಋಣ



ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವನ್ನು ಸರಕಾರದ ದಫ್ತರವು ‘ಖಾಸಗಿ’ ಎಂದು ಕರೆಯುತ್ತದೆ. ಕಾಯದೆಯ ಪರಿಭಾಷೆಗೆ ಅದು ಸರಿ. ಆದರೆ ಅದರ ತಳಹದಿಯ ಕಲ್ಲುಗಳು ಯಾರವೆಂದು ತಾವು ವಿಚಾರಿಸಿದರೆ, ಆ ಶಬ್ದವು ಮನಸ್ಸಿಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳವರ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನ ಜರುಗಿತು. ಅದರ ಅಧ್ಯಕ್ಷರಾಗಿದ್ದ ಸಿರಸಂಗಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟರು. ಹತ್ತು ವರ್ಷಗಳ ತರುವಾಯ, 1916ರ ನವೆಂಬರ 13ರಂದು, ಬೆಳಗಾವಿಯಲ್ಲಿ ಒಂದು ಆಂಗ್ಲ-ದೇಶಭಾಷಾ ಶಾಲೆಯೊಡನೆ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಜನ್ಮತಾಳಿತು. ಬಸವನಾಳ, ಸಾಖರೆ, ಕಟ್ಟೀಮನಿ, ಮಮದಾಪುರ, ಹಂಚಿನಾಳ, ಚಿಕ್ಕೋಡಿ, ಪಾಟೀಲ ಎಂಬ ಏಳು ಜನ ತರುಣರು ಪುಣೆಯ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯ ಮಾದರಿಯಲ್ಲಿ ಆಜೀವ ಸದಸ್ಯರಾಗಿ ನಿಂತರು. ಜನರು ಅವರನ್ನು ಸಪ್ತರ್ಷಿಗಳೆಂದರು. ಅರಟಾಳ ರುದ್ರಗೌಡರು, ವಂಟಮುರಿ ದೇಸಾಯರು ಬೆನ್ನಿಗಿದ್ದರು. ವಚನಗಳ ಸಂಪಾದನೆಯಲ್ಲಿ ಕಣ್ಣು ಸವೆಸಿದ ಬಸವನಾಳರೇ ಶಾಲೆ ಕಟ್ಟುವ ಲೆಕ್ಕಪತ್ರಕ್ಕೂ ಹೆಗಲು ಕೊಟ್ಟರೆಂಬುದು ಇಂದಿನ ವಿದ್ವಾಂಸರು ಗಮನಿಸತಕ್ಕ ಸಂಗತಿ!

ಇಂಜಿನಿಯರಿಂಗ ವಿದ್ಯೆಯ ಮಾತು ಬೇರೆಯಿತ್ತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಹುಡುಗನು ಅದಕ್ಕಾಗಿ ಪುಣೆಗೋ, ಮೈಸೂರು ಸಂಸ್ಥಾನದ ಬೆಂಗಳೂರಿಗೋ ಹೋಗಬೇಕಿತ್ತು. ರೈಲ್ವೆ ಕಾರ್ಯಾಗಾರವಿದ್ದ ಹುಬ್ಬಳ್ಳಿಯಲ್ಲಿ ಯಂತ್ರಗಳಿದ್ದವು, ಕಾಲೇಜಿರಲಿಲ್ಲ. 1947ರಲ್ಲಿ ಸಂಸ್ಥೆಯು ಅಲ್ಲಿ ಇಂಜಿನಿಯರಿಂಗ ಕಾಲೇಜನ್ನು ತೆರೆದು, ದಾನಿ ಬಿ. ವ್ಹಿ. ಭೂಮರಡ್ಡಿಯವರ ಹೆಸರನ್ನಿಟ್ಟಿತು. ಆಗಿನ್ನೂ ಕರ್ನಾಟಕ ವಿಶ್ವವಿದ್ಯಾಲಯವೇ ಹುಟ್ಟಿರಲಿಲ್ಲವೆಂಬುದನ್ನು ನೆನೆದರೆ ಆ ಹಿರಿಯರ ಎದೆಗಾರಿಕೆ ತಮಗೆ ತಿಳಿದೀತು. ಮುಂದೆ ಲೇಖಕಿ ಸುಧಾ ಮೂರ್ತಿಯವರು ವಿದ್ಯುತ್ ವಿಭಾಗದಲ್ಲಿ ಓದಿದ್ದು ಇಲ್ಲಿಯೇ. ಅವರ ತರಗತಿಯಲ್ಲಿ ಇನ್ನೊಬ್ಬ ಹೆಣ್ಣುಮಗಳಿರಲಿಲ್ಲ.

ಕಾಲೇಜು ಮೊದಲು ಕರ್ನಾಟಕ ವಿಶ್ವವಿದ್ಯಾಲಯದ, 1998ರ ಬಳಿಕ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆಶ್ರಯದಲ್ಲಿತ್ತು. 2007ರಲ್ಲಿ ಸ್ವಾಯತ್ತತೆ ದೊರೆಯಿತು. ವಿಧಾನಮಂಡಲದ ಪ್ರತ್ಯೇಕ ಕಾಯದೆಯ ಮೇರೆಗೆ ಅನಂತರ ಅದೇ ವಿಶ್ವವಿದ್ಯಾಲಯವಾಯಿತು. ಪಠ್ಯಕ್ರಮ, ಪರೀಕ್ಷೆ, ಪದವಿ ಎಲ್ಲವೂ ತನ್ನ ಕೈಗೇ ಬಂದವು. ಅನ್ಯರ ಪರೀಕ್ಷಾಪಟ್ಟಿಗಾಗಿ ಕಾಯುವ ಕಾಲ ಮುಗಿದುದು ಒಳ್ಳೆಯದೇ.

ಆದರೆ ಒಂದು ಮಾತನ್ನು ಮುಚ್ಚಿಡಲಾಗದು. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ತಮ್ಮಲ್ಲನೇಕರು ಇಂಥ ಕಾಲೇಜುಗಳ ಮೆಟ್ಟಿಲು ಹತ್ತಿದ್ದು ಶುಲ್ಕವು ಕೈಗೆಟಕುತ್ತಿದ್ದುದರಿಂದ. ಇಂದು ಸರಕಾರದ ಪ್ರವೇಶ ಪರೀಕ್ಷೆಯ ಮೂಲಕ ತುಂಬುವ ಸೀಟುಗಳು ಇವೆಯೆಂಬುದು ನಿಜ. ಉಳಿದ ಸೀಟುಗಳ ಶುಲ್ಕವನ್ನು ಒಣಬೇಸಾಯದ ಮನೆಯವರು ಹೊಂದಿಸುವುದು ಕಷ್ಟವೆಂಬುದೂ ಅಷ್ಟೇ ನಿಜ. ಪ್ರಯೋಗಾಲಯಗಳಿಗೆ ಹಣ ಬೇಕು, ಒಪ್ಪುವೆ. ಲಿಂಗರಾಜರ ಮೃತ್ಯುಪತ್ರವು ಬರೆಯಲ್ಪಟ್ಟಿದ್ದು ಮಾತ್ರ ಶುಲ್ಕ ಕೊಡಲಾರದವನ ಸಲುವಾಗಿ. ಅಲ್ಲಿ ಓದಿ ದೂರದೇಶಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬ ಬಡ ಹುಡುಗನ ವೆಚ್ಚವನ್ನು ವಹಿಸಿಕೊಳ್ಳಲು ಯಾವ ಕಾಯದೆಯೂ ಅಡ್ಡಬಾರದು.

ಇನ್ನು ಹೆಸರಿನ ವಿಷಯ. ಫಲಕ ಬದಲಾದರೂ ಆವರಣಕ್ಕೆ ದಾನಿಯ ಹೆಸರು ಉಳಿದಿದೆ. ಹುಬ್ಬಳ್ಳಿಯ ಜನರು ಈಗಲೂ ಅದನ್ನು ‘ಬಿ.ವ್ಹಿ.ಬಿ.’ ಎಂದೇ ಕರೆಯುತ್ತಾರೆ.