ದಾವೆ ತೀರುವ ತನಕದ ಅನ್ನ: ಕಾಸರಗೋಡಿನ ಅಳಿಯಸಂತಾನ ಕುಟುಂಬಗಳಲ್ಲಿ ಉಯಿಲು ಮತ್ತು ಅಪ್ರಾಪ್ತರ ಜೀವನಾಂಶ

ತಂದೆಯೊಬ್ಬ ಉಯಿಲು ಬರೆದಿಟ್ಟು ತೀರಿಕೊಂಡ ದಿನಕ್ಕೂ ಆ ಉಯಿಲು ಊರ್ಜಿತವೆಂದೋ ಅಲ್ಲವೆಂದೋ ನ್ಯಾಯಾಲಯ ತೀರ್ಮಾನಿಸುವ ದಿನಕ್ಕೂ ನಡುವೆ ವರ್ಷಗಳೇ ಸರಿದುಹೋಗುತ್ತವೆ. ಆಸ್ತಿ ಯಾರದೆಂಬ ಪ್ರಶ್ನೆ ಅಷ್ಟು ಕಾಲ ಕಾಯಬಲ್ಲದು. ಮಗುವಿನ ಊಟ, ಬಟ್ಟೆ, ಶಾಲೆಯ ಫೀಸು ಕಾಯಲಾರವು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡಿನಲ್ಲಿ, ಮುಖ್ಯವಾಗಿ ಚಂದ್ರಗಿರಿ ಹೊಳೆಯ ಉತ್ತರದ ತುಳು-ಕನ್ನಡ ಸೀಮೆಯ ಬಂಟರು, ಬಿಲ್ಲವರು ಮೊದಲಾದ ಅಳಿಯಸಂತಾನದವರಲ್ಲಿ, ಈ ನಡುಗಾಲದ ಹೊಣೆ ಯಾರದಾಗಿತ್ತು ಎಂಬುದು ಕರಾವಳಿಯ ಕಾನೂನು ಚರಿತ್ರೆಯಲ್ಲಿ ಬದಿಗೆ ಸರಿದ ಪ್ರಶ್ನೆ. ಉಯಿಲಿನ ಹಕ್ಕನ್ನು ತಂದೆಯ ವಾತ್ಸಲ್ಯಕ್ಕೆ ದೊರೆತ ಬಿಡುಗಡೆಯೆಂದು ವರ್ಣಿಸುವುದು ರೂಢಿ. ಆ ವಾತ್ಸಲ್ಯ ಪ್ರಶ್ನೆಗೊಳಗಾದಾಗ ಮಗುವನ್ನು ಸಾಕಿದ್ದು ಮಾತ್ರ ತಂದೆಯ ಪತ್ರವಲ್ಲ, ತಾಯಿಯ ಮನೆ.

ಅಳಿಯಸಂತಾನದಲ್ಲಿ ಮಗು ಹುಟ್ಟಿನಿಂದಲೇ ತಾಯಿಯ ಕುಟುಂಬದ ಸದಸ್ಯ. ಕುಟುಂಬದ ಆಸ್ತಿಯನ್ನು ನೋಡಿಕೊಳ್ಳುವ ಯಜಮಾನ ಅಥವಾ ಯಜಮಾನ್ತಿ ಆ ಮಗುವಿನ ಜೀವನಾಂಶಕ್ಕೆ ಬಾಧ್ಯರು. ತಂದೆಯ ಕುಟುಂಬದಲ್ಲಿ ಆ ಮಗುವಿಗೆ ಸ್ಥಾನವಿಲ್ಲ. ತಂದೆ ಸತ್ತರೆ ಅವನ ಸ್ವಾರ್ಜಿತವೂ ಅವನ ತಾಯಿಯ ಕಡೆಯವರಿಗೆ ಸಲ್ಲಬೇಕು. ಕಾಗದದ ಮೇಲೆ ಈ ವ್ಯವಸ್ಥೆ ಅಚ್ಚುಕಟ್ಟು. ಆದರೆ ಬದುಕು ಹಾಗಿರಲಿಲ್ಲ. ಬಂಟರಲ್ಲಿ ಸಂತತಿ ತಾಯಿಯ ಕಡೆಯದಾದರೂ ಮದುವೆಯಾದ ಹೆಣ್ಣು ಗಂಡನ ಮನೆಯಲ್ಲಿ ಬಾಳುವುದು ಸಾಮಾನ್ಯವಾಗಿತ್ತು. ಮಕ್ಕಳು ಬೆಳೆಯುತ್ತಿದ್ದುದು ತಂದೆಯ ಅಂಗಳದಲ್ಲಿ. ಹಕ್ಕು ಇದ್ದದ್ದು ಮಾವನ ಅಂಗಳದಲ್ಲಿ. ತಂದೆ ಕಣ್ಮುಚ್ಚಿದ ದಿನ ಆ ಮನೆಯ ಬಾಗಿಲಿಗೆ ಅವನ ಅಳಿಯ ಬಂದು ನಿಲ್ಲುತ್ತಿದ್ದ. ಕುಟುಂಬದ ಮನೆಯಲ್ಲಿ ವಾಸವಿದ್ದರಷ್ಟೇ ಜೀವನಾಂಶ, ಹೊರಗಿದ್ದು ಕೇಳುವುದಾದರೆ ತಕ್ಕ ಕಾರಣ ತೋರಿಸಬೇಕು ಎಂಬುದು ನ್ಯಾಯಾಲಯಗಳು ಬಹುಕಾಲ ಹಿಡಿದಿದ್ದ ನಿಯಮ. ವಿಧವೆ ಮಕ್ಕಳನ್ನು ಕರೆದುಕೊಂಡು ತವರಿಗೆ ಮರಳಬೇಕಾಗಿದ್ದುದಕ್ಕೆ ಶೋಕದಷ್ಟೇ ಈ ನಿಯಮವೂ ಕಾರಣ.

ತಂದೆ ಬದುಕಿದ್ದಾಗಿನ ಪರಿಹಾರವೂ ಸಣ್ಣದೇ. 1898ರ ದಂಡಪ್ರಕ್ರಿಯಾ ಸಂಹಿತೆಯ 488ನೆಯ ಕಲಮಿನಂತೆ ಮ್ಯಾಜಿಸ್ಟ್ರೇಟರು ತಿಂಗಳಿಗೆ 50 ರೂಪಾಯಿಯ ಮಿತಿಯೊಳಗೆ ತಂದೆಯಿಂದ ಜೀವನಾಂಶ ಕೊಡಿಸಬಹುದಿತ್ತು. ಅವನು ಸತ್ತರೆ ಆ ದಾರಿ ಮುಚ್ಚಿತು. 1896ರ ಮಲಬಾರ್ ವಿವಾಹ ಕಾಯ್ದೆ, ದಾಂಪತ್ಯವನ್ನು ನೋಂದಾಯಿಸಿದವರ ಮಡದಿ ಮಕ್ಕಳಿಗೆ ಜೀವನಾಂಶದ ಹಕ್ಕನ್ನೂ, ಉಯಿಲಿಲ್ಲದೆ ಸತ್ತವನ ಸ್ವಾರ್ಜಿತದಲ್ಲಿ ಅರ್ಧವನ್ನೂ ಕೊಟ್ಟಿತು, ನೋಂದಾಯಿಸಿದವರೇ ವಿರಳ. ಎರಡು ವರ್ಷಗಳ ನಂತರ ಬಂದ 1898ರ ಮಲಬಾರ್ ಉಯಿಲು ಕಾಯ್ದೆ ಅಳಿಯಸಂತಾನದವರೂ ಉಯಿಲು ಬರೆಯಬಹುದೆಂದು ನಿಸ್ಸಂದಿಗ್ಧವಾಗಿ ಸಾರಿತು. ಬರೆಯುವ ಹಕ್ಕು ಸ್ಪಷ್ಟವಾಯಿತು. ಬರೆದದ್ದು ತಕರಾರಿಗೆ ಸಿಕ್ಕಾಗ ಮಗುವಿನ ಗತಿಯೇನು ಎಂಬುದನ್ನು ಆ ಕಾಯ್ದೆ ಕೇಳಲೇ ಇಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮದ್ರಾಸ್ ನಗರದಲ್ಲಿ 2025ರವರೆಗೆ ಹಿಂದೂವಿನ ಉಯಿಲಿಗೆ ಪ್ರೊಬೇಟ್ ಬೇಕಾಗಿತ್ತು; ಪ್ರೊಬೇಟಿಗೆ ತಕರಾರು ಬಂದರೆ ವ್ಯಾಜ್ಯ ಮುಗಿಯುವವರೆಗೆ ಆಸ್ತಿಯನ್ನು ನೋಡಿಕೊಳ್ಳಲು ನ್ಯಾಯಾಲಯ ಆಡಳಿತಾಧಿಕಾರಿಯನ್ನು ನೇಮಿಸಬಹುದು. ಕಾಸರಗೋಡಿನಂಥ ಒಳನಾಡಿನಲ್ಲಿ ಹಿಂದೂವಿನ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ. ಜಗಳ ಭೂಮಿಯ ಹಕ್ಕಿನ ದಾವೆಯಾಗಿಯೇ ಕೋರ್ಟಿಗೆ ಬರುತ್ತಿತ್ತು; ಆ ತನಕ ಸ್ವಾಧೀನ ಯಾರ ಕೈಯಲ್ಲಿದೆಯೋ ಗೇಣಿಯ ಭತ್ತವೂ ತೋಟದ ಅಡಕೆಯೂ ಅವರ ಕೈಗೆ ಹೋಗುತ್ತಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 40ನೆಯ ಆದೇಶದಡಿ ರಿಸೀವರನ್ನು ಕೇಳಿಕೊಳ್ಳಬಹುದಿತ್ತು ನಿಜ. ರಿಸೀವರನು ಗೇಣಿ ವಸೂಲು ಮಾಡಿ, ತೀರ್ವೆ ಕಟ್ಟಿ, ಉಳಿದುದನ್ನು ನ್ಯಾಯಾಲಯದ ಅಪ್ಪಣೆಯಂತೆ ವಿನಿಯೋಗಿಸಬೇಕು. ಆದರೆ ಆ ಅರ್ಜಿಗೂ ವಕೀಲರು ಬೇಕು, ಖರ್ಚು ಬೇಕು. ಮಗುವಿನ ಪರವಾಗಿ ದಾವೆ ನಡೆಸಲು ಒಬ್ಬ ಹಿರಿಯ ಬೇಕು.

ಆ ಹಿರಿಯ ಸಹಜವಾಗಿಯೇ ತಾಯಿಯ ಅಣ್ಣನೋ ತಮ್ಮನೋ ಆಗಿರುತ್ತಿದ್ದ. ಅಂದರೆ ಅನ್ನ ಹಾಕುತ್ತಿದ್ದವನೇ ದಾವೆಯನ್ನೂ ನಡೆಸುತ್ತಿದ್ದ. ಅವನ ಕುಟುಂಬಕ್ಕೆ ಇದರಲ್ಲಿ ಲಾಭದ ಸಾಧ್ಯತೆಯೂ ಇತ್ತು. ಮರುಮಕ್ಕತ್ತಾಯಮ್ ಪದ್ಧತಿಯಲ್ಲಿ ತಂದೆ ಹೆಂಡತಿ-ಮಕ್ಕಳಿಗೆ ಒಟ್ಟಾಗಿ ಕೊಟ್ಟ ಆಸ್ತಿಗೆ, ಬೇರೆ ಉದ್ದೇಶ ಸ್ಪಷ್ಟವಿಲ್ಲದಿದ್ದರೆ, ತರವಾಡು ಆಸ್ತಿಯ ಲಕ್ಷಣಗಳೇ ಅಂಟುತ್ತವೆಂದು ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 1892ರಲ್ಲಿ ಹೇಳಿತ್ತು. ಅಳಿಯಸಂತಾನದ ಉಯಿಲಿನಲ್ಲಿ ಬರುವ ‘ಹೆಂಡತಿ ಮತ್ತು ಮಕ್ಕಳು’ ಎಂಬ ಮೂರು ಪದಗಳನ್ನೂ ಇದೇ ತರ್ಕದಿಂದ ಓದಲು ಅವಕಾಶವಿತ್ತು. ಹಾಗೆ ಓದಿದರೆ ತಂದೆ ತನ್ನ ಮಕ್ಕಳಿಗೆಂದು ಬರೆದದ್ದು ತಾಯಿಯ ಕವರಿನ ಸ್ವತ್ತಾಗುತ್ತದೆ. ತಂದೆ ಯಾವ ವ್ಯವಸ್ಥೆಯಿಂದ ಮಕ್ಕಳನ್ನು ಹೊರತರಲು ಉಯಿಲು ಬರೆದನೋ, ಗೆದ್ದ ದಾವೆ ಅವರನ್ನು ಅಲ್ಲಿಗೇ ಮರಳಿಸಬಹುದಿತ್ತು. ಹಾಗೆಂದು ಸೋದರಮಾವನ ಅನ್ನವನ್ನೆಲ್ಲ ಹೂಡಿಕೆಯೆಂದು ಓದುವುದು ಅನ್ಯಾಯ. ದಾವೆ ಸೋತರೂ ಅವನ ಹೊಣೆ ತಪ್ಪುತ್ತಿರಲಿಲ್ಲ. ಆ ನಿರ್ಬಂಧವೇ ಮಗುವಿಗಿದ್ದ ನಿಜವಾದ ಆಸರೆ.

ಈ ಆಸರೆ ಸಡಿಲವಾದದ್ದು ಸುಧಾರಣೆಗಳ ಕೈಯಿಂದಲೇ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ಬೇಕಾಗಿದ್ದ ಕಾಯ್ದೆ ಅದು, ಸಂದೇಹವಿಲ್ಲ. ಆದರೆ ಪಾಲಾದ ಕುಟುಂಬದಲ್ಲಿ ಯಜಮಾನನಿಗೆ ಹಿಂದಿನ ಆದಾಯವೂ ಇಲ್ಲ, ಹಿಂದಿನ ಬಾಧ್ಯತೆಯೂ ಇಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿಯೇ ಕೊನೆಗೊಂಡಾಗ ದೊಡ್ಡ ಮನೆಗಳ ಭತ್ತದ ಹರಿವು ನಿಂತಿತು. 1976ರ ಡಿಸೆಂಬರ್ 1ರಂದು ಜಾರಿಗೆ ಬಂದ ಕೇರಳ ಅವಿಭಕ್ತ ಹಿಂದೂ ಕುಟುಂಬ ಪದ್ಧತಿ ರದ್ದತಿ ಕಾಯ್ದೆ ಅಳಿಯಸಂತಾನ ಕುಟುಂಬವನ್ನೂ ಸೇರಿಸಿ ಎಲ್ಲವನ್ನೂ ಪಾಲಾದಂತೆ ಪರಿಗಣಿಸಿತು.

ಅಷ್ಟರಲ್ಲಿ ಕೇಂದ್ರದ ಕಾನೂನು ಇನ್ನೊಂದು ಬಾಗಿಲು ತೆರೆದಿತ್ತು. 1956ರ ಜೂನ್ 17ಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಡಿಸೆಂಬರ್ 21ಕ್ಕೆ ದತ್ತಕ ಮತ್ತು ಜೀವನಾಂಶ ಕಾಯ್ದೆ ಬಂತು. ಮೊದಲನೆಯದರ 30ನೆಯ ಕಲಮಿನ ವಿವರಣೆ ಕುಟುಂಬ, ಕವರುಗಳಲ್ಲಿರುವ ಪಾಲನ್ನೂ ಉಯಿಲಿನ ಮೂಲಕ ಕೊಡಬಹುದೆಂದಿತು. ಉಯಿಲಿನ ಕೈ ಹೀಗೆ ಸ್ವಾರ್ಜಿತವನ್ನು ದಾಟಿ ಮಗುವಿನ ಹಳೆಯ ಆಸರೆಯವರೆಗೂ ಚಾಚಿತು. ಎರಡನೆಯದರ 21 ಮತ್ತು 22ನೆಯ ಕಲಮುಗಳು ಮೃತನ ಅಪ್ರಾಪ್ತ ಮಗನನ್ನೂ ಅವಿವಾಹಿತ ಮಗಳನ್ನೂ ಅವಲಂಬಿತರೆಂದು ಹೆಸರಿಸಿ, ಅವರಿಗೆ ಉಯಿಲಿನಿಂದಲೋ ವಾರಸಿನಿಂದಲೋ ಪಾಲು ಸಿಗದಿದ್ದರೆ ಆಸ್ತಿ ಪಡೆದವರೇ ಆ ಆಸ್ತಿಯಿಂದ ಜೀವನಾಂಶ ಕೊಡಬೇಕೆಂದವು. ಔರಸರಲ್ಲದ ಮಕ್ಕಳೂ ಆ ಪಟ್ಟಿಯಲ್ಲಿದ್ದರು. ನೋಂದಣಿಯಿಲ್ಲದ ದಾಂಪತ್ಯಗಳ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಉಯಿಲು ಗೆಲ್ಲಲಿ, ಬೀಳಲಿ, ಮಗುವಿಗೆ ಮೃತನ ಸ್ವತ್ತಿನಿಂದ ಏನಾದರೂ ಸಲ್ಲಬೇಕೆಂಬ ತತ್ತ್ವ ಈ ಸೀಮೆಗೆ ಮೊದಲ ಬಾರಿ ಬಂದದ್ದು ಹೀಗೆ. ದಾವೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶ ಕೇಳುವ ಅರ್ಜಿಗಳು ನಿಂತಿರುವುದು ಈ ತತ್ತ್ವದ ಮೇಲೆ.

ಆದರೂ 27ನೆಯ ಕಲಮಿನಂತೆ ಈ ಜೀವನಾಂಶ ತಾನಾಗಿಯೇ ಆಸ್ತಿಯ ಮೇಲಿನ ಭಾರವಾಗುವುದಿಲ್ಲ. ಉಯಿಲೋ ಡಿಕ್ರಿಯೋ ಕರಾರೋ ಅದನ್ನು ಭಾರವೆಂದು ಬರೆಯಬೇಕು. ಹಳೆಯ ಕುಟುಂಬದಲ್ಲಿ ಮಗುವಿನ ಅನ್ನಕ್ಕೆ ಯಾರೂ ಬರೆದುಕೊಡಬೇಕಾಗಿರಲಿಲ್ಲ. ಗಡಿಯಾಚೆಯ ಕರ್ನಾಟಕದಲ್ಲಿ ಕೇರಳದಂಥ ರದ್ದತಿ ಕಾಯ್ದೆ ಬರಲಿಲ್ಲ. ಹಾಗಾಗಿ ಮಂಜೇಶ್ವರದಲ್ಲಿ ಗದ್ದೆಯೂ ಬಂಟ್ವಾಳದಲ್ಲಿ ತೋಟವೂ ಇರುವ ಒಂದೇ ಕುಟುಂಬದ ಮಗುವಿನ ಪರವಾಗಿ ಅರ್ಜಿ ಬರೆಯುವವರು ಮೊದಲು ತೀರ್ಮಾನಿಸಬೇಕಾದದ್ದು ತಲಪಾಡಿಯ ಗಡಿಯ ಯಾವ ಬದಿಯ ಭೂಮಿಯ ಮೇಲೆ ಜೀವನಾಂಶ ಕೇಳುವುದೆಂಬುದನ್ನು.