ಬಯಕೆಗೂ ಮುಂಚಿನ ದಿನಗಳು

ಬೆಳಗಿನ ಹೊತ್ತು ರಾಜಗೋಪಾಲನಗರದ ಮುಖ್ಯರಸ್ತೆಯಲ್ಲಿ ಊಟದ ಡಬ್ಬಿ ಹಿಡಿದ ಹೆಣ್ಣುಮಕ್ಕಳ ಸಾಲು ಪೀಣ್ಯದ ಕಡೆಗೆ ಸಾಗುತ್ತದೆ. ಅವರಲ್ಲಿ ಬಹುಮಂದಿ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋಗುವವರು. ಅವರ ಮಾತಿನಲ್ಲೇ ಹೇಳುವುದಾದರೆ ‘ಗಾರ್ಮೆಂಟ್ಸ್’ಗೆ ಹೋಗುವವರು. ಹಳ್ಳಿಗಳಿಂದ ಬಂದು ಬಾಡಿಗೆ ಮನೆಗಳಲ್ಲಿ ಸಂಸಾರ ಹೂಡಿದವರು. ಈ ಸಾಲಿನಲ್ಲಿ ಮುಟ್ಟು ನಿಂತು ಹತ್ತು ದಿನವಾದವಳೊಬ್ಬಳು ಇದ್ದರೆ, ಅದು ಪಕ್ಕದ ಮಿಷನ್ನಿನಲ್ಲಿ ಕೂರುವವಳಿಗೂ ತಿಳಿಯದು.

ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಹೊರಗೆ ಹೇಳಬಾರದೆಂಬುದು ಹಳೆಯ ನಡವಳಿಕೆ. ಅದು ಬರಿಯ ಮೂಢನಂಬಿಕೆಯಲ್ಲ. ಗರ್ಭಪಾತಗಳಲ್ಲಿ ಹೆಚ್ಚಿನವು ಮೊದಲ ಹನ್ನೆರಡು ವಾರಗಳಲ್ಲೇ ಆಗುತ್ತವೆ ಎಂಬುದನ್ನು ಅನುಭವದಿಂದ ಅರಿತವರ ಎಚ್ಚರಿಕೆ ಅದು. ಆದರೆ ಹಳ್ಳಿಯ ತುಂಬಿದ ಮನೆಯಲ್ಲಿ ಹೇಳದೆಯೂ ಅರಿಯುವವರಿದ್ದರು. ಒಗ್ಗರಣೆಯ ವಾಸನೆಗೆ ಸೊಸೆ ಮುಖ ತಿರುಗಿಸಿದರೆ ಅತ್ತೆಗೆ ಅಷ್ಟೇ ಸಾಕಿತ್ತು. ಊರಿನಲ್ಲಿ ಸೂಲಗಿತ್ತಿ ಇದ್ದಳು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಒಂದು ಕಾಸೂ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾಗಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಹಾಗೆಂದು ಹಳೆಯ ಕಾಲವನ್ನು ಹಾಡಿ ಹೊಗಳುವಂತೆಯೂ ಇಲ್ಲ. ಆ ಕಾಲದಲ್ಲಿ ಹೆರಿಗೆಯಲ್ಲಿ ಸತ್ತವರ ಲೆಕ್ಕವನ್ನು ಎಷ್ಟೋ ಊರುಗಳಲ್ಲಿ ಯಾರೂ ಬರೆದಿಡಲಿಲ್ಲ.

ನಮ್ಮ ಸಂಪ್ರದಾಯ ಬಸುರಿಯ ಕಡೆ ಬಹಿರಂಗವಾಗಿ ತಿರುಗುವುದು ತಡವಾಗಿಯೇ. ಸುಶ್ರುತ ಸಂಹಿತೆ ನಾಲ್ಕನೆಯ ತಿಂಗಳಲ್ಲಿ ಗರ್ಭಿಣಿಯನ್ನು ಎರಡು ಹೃದಯದವಳೆಂದು ಕರೆದು, ಅವಳ ಬಯಕೆ ತೀರಿಸಬೇಕೆನ್ನುತ್ತದೆ. ಸೀಮಂತ, ಬಳೆಶಾಸ್ತ್ರ, ಉತ್ತರ ಕರ್ನಾಟಕದ ಕುಬುಸ ಎಲ್ಲವೂ ಅದರ ಆಚೆಗಿನವು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಸೀತೆಯ ಬಯಕೆ ಋಷಿಗಳ ಆಶ್ರಮಗಳನ್ನು ನೋಡುವುದು. ಆ ಬಯಕೆಯೇ ಅವಳನ್ನು ಕಾಡಿಗೆ ಬಿಟ್ಟುಬರಲು ನೆಪವಾಯಿತು. ಮೊದಲ ತಿಂಗಳುಗಳ ಮಾತು ಬಂದರೆ ಚರಕನೇ ಮೇಲು. ಒಂದನೆಯ ತಿಂಗಳಿನಿಂದಲೇ ಹಾಲು, ಮೂರನೆಯದರಲ್ಲಿ ಜೇನು ತುಪ್ಪಗಳೊಡನೆ ಹಾಲು ಎಂದು ಆತ ತಿಂಗಳುವಾರು ಆಹಾರ ಹೇಳಿದ್ದಾನೆ.

ಕಾರ್ಖಾನೆಯ ಹೆಣ್ಣಿನ ಬಸಿರು ಲೋಕದ ಗಮನಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಸಮ್ಮೇಳನವೇ ಹೆರಿಗೆ ರಜೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತದಲ್ಲಿ ಮೊದಲು ಕಣ್ಣು ತೆರೆದದ್ದು ಬಟ್ಟೆ ಗಿರಣಿಗಳ ಮುಂಬಯಿ. 1928ರಲ್ಲಿ ಅಲ್ಲಿನ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರವಾಗಿ ಡಾ. ಅಂಬೇಡ್ಕರ್ ವಾದಿಸಿದರು. ಮಾರನೆಯ ವರ್ಷ ಅದು ಕಾಯ್ದೆಯಾಯಿತು.

ಅದೇ 1928ರಲ್ಲಿ, ಅದೇ ಮುಂಬಯಿಗೆ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಂದಿಳಿದರು. ಗಿರಣಿಗಳ ಬಡ ಬಸುರಿಯರಲ್ಲಿ ಕಾಣುತ್ತಿದ್ದ, ಕೆಲವೊಮ್ಮೆ ಪ್ರಾಣವನ್ನೇ ತೆಗೆಯುತ್ತಿದ್ದ ವಿಚಿತ್ರ ರಕ್ತಹೀನತೆಗೆ ಕಾರಣ ಹುಡುಕುವುದು ಅವರ ಕೆಲಸ. ರೋಗಾಣುವನ್ನು ಶಂಕಿಸಿ ನೋಡಿದರು, ಅದಲ್ಲ. ಆ ಹೆಂಗಸರು ಏನು ಉಣ್ಣುತ್ತಾರೆಂದು ನೋಡಿದರು. ಅದೇ ಊಟವನ್ನು ಇಲಿಗಳಿಗೆ, ಮುಂದೆ ಕೋತಿಗಳಿಗೆ ಕೊಟ್ಟು ಪರೀಕ್ಷಿಸಿದರು. ಕೊನೆಗೆ ಗುಣ ತೋರಿದ್ದು ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡಿದ ಅಗ್ಗದ ಮಾರ್ಮೈಟ್. 1931ರಲ್ಲಿ ಅವರ ವರದಿ ಪ್ರಕಟವಾಯಿತು. ಆ ಯೀಸ್ಟಿನಲ್ಲಿದ್ದ ವಸ್ತುವನ್ನೇ 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಟನ್ನುಗಟ್ಟಲೆ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಫೋಲಿಕ್ ಆಮ್ಲ’ ಎಂದು ಹೆಸರಿಟ್ಟರು. ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿದ ತಂಡದ ಮುಂದಾಳು ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇಂದು ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಗುಳಿಗೆಯ ಹಿಂದೆ ಗಿರಣಿ ಹೆಣ್ಣುಗಳ ಬಿಳಿಚಿದ ಮುಖಗಳಿವೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1991ರಲ್ಲಿ ಪ್ರಕಟವಾದ ಏಳು ದೇಶಗಳ ಪ್ರಯೋಗವೊಂದು ಫೋಲಿಕ್ ಆಮ್ಲದ ಇನ್ನೊಂದು ಗುಣವನ್ನು ಸ್ಥಾಪಿಸಿತು. ಮೊದಲ ಮಗುವಿಗೆ ಬೆನ್ನುಹುರಿ ಅಥವಾ ಮಿದುಳಿನ ದೋಷವಿದ್ದ ತಾಯಂದಿರು ಗರ್ಭ ಧರಿಸುವ ಮೊದಲಿನಿಂದಲೇ ಅದನ್ನು ಸೇವಿಸಿದರೆ, ಆ ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗುತ್ತದೆ. ಮಿದುಳು, ಬೆನ್ನುಹುರಿಗಳಾಗುವ ನಾಳ ಭ್ರೂಣದಲ್ಲಿ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ. ಮುಟ್ಟು ತಪ್ಪಿತೆಂದು ಹೆಣ್ಣು ಬೆರಳೆಣಿಸುವಷ್ಟರಲ್ಲಿ ಅರ್ಧ ಸಮಯ ಕಳೆದಿರುತ್ತದೆ. ಮೂರು ತಿಂಗಳ ಗುಟ್ಟಿಗೂ ಈ ಲೆಕ್ಕಕ್ಕೂ ಹೊಂದಿಕೆಯಾಗುವುದಿಲ್ಲ. ನೆಂಟರಿಗೆ ಹೇಳದಿದ್ದರೂ ಆಶಾ ಕಾರ್ಯಕರ್ತೆಗೆ ಹೇಳಬೇಕು, ಹನ್ನೆರಡು ವಾರದೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಬೇಕು ಎಂದು ಆರೋಗ್ಯ ಇಲಾಖೆ ಒತ್ತಾಯಿಸುವುದು ಇದಕ್ಕೇ. ಬಸಿರು ಬಯಸುವವರು ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಆರಂಭಿಸಬೇಕೆಂಬುದು ವೈದ್ಯರ ಮಾತು. ಕಬ್ಬಿಣದ ಗುಳಿಗೆ ನಾಲ್ಕನೆಯ ತಿಂಗಳಿಂದ.

ಇಲ್ಲಿ ಅಡಿಗೆಮನೆಯ ಮಾತೊಂದನ್ನು ಸೇರಿಸಬಹುದು. ಸೊಪ್ಪಿನಲ್ಲಿರುವ ಫೋಲೇಟ್ ನೀರಿನಲ್ಲಿ ಕರಗುವಂಥದು. ಬೇಯಿಸಿದ ನೀರು ಬಸಿದು ಚೆಲ್ಲಿದರೆ ಅದೂ ಹೋಯಿತು. ಹಳೆ ಮೈಸೂರು ಸೀಮೆಯವರು ಆ ನೀರನ್ನು ಚೆಲ್ಲದೆ ಬಸ್ಸಾರು ಮಾಡಿ ಮುದ್ದೆಗೆ ಕಲಸಿದರು. ಕಾಯಿಸಿದಾಗ ಒಂದಿಷ್ಟು ನಷ್ಟವಾಗುತ್ತದೆ ನಿಜ, ಗುಳಿಗೆಗೆ ಅದು ಬದಲಿಯೂ ಅಲ್ಲ. ಆದರೂ ಬಡತನದ ಅಡಿಗೆಯಲ್ಲಿ ಎಂಥ ಜಾಣತನ!

ಕಾಯ್ದೆ ಮಾತ್ರ ಹೆರಿಗೆಯ ಸುತ್ತಲೇ ಬೆಳೆಯಿತು. ಬೆಂಗಳೂರಿಗೆ 1958ರಲ್ಲಿ ಇಎಸ್‌ಐ ಬಂತು. ಪೀಣ್ಯದಲ್ಲೇ ಅದರ ಆಸ್ಪತ್ರೆಯಿದೆ. 1961ರ ಕಾಯ್ದೆಯ ಹನ್ನೆರಡು ವಾರಗಳ ರಜೆ 2017ರಲ್ಲಿ ಇಪ್ಪತ್ತಾರಾಯಿತು. ಅದರಲ್ಲಿ ಹೆರಿಗೆಗೆ ಮುಂಚೆ ಪಡೆಯಬಹುದಾದದ್ದು ಎಂಟು ವಾರ. ಮೊದಲ ತಿಂಗಳುಗಳಿಗೆ ಸಿಕ್ಕಿದ್ದು ಎರಡೇ: ಗರ್ಭಪಾತವಾದರೆ ಆರು ವಾರ, ಬಸಿರಿನಿಂದ ಕಾಯಿಲೆಯಾದರೆ ಒಂದು ತಿಂಗಳು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನು ಹೀಗೆಯೇ ಉಳಿಸಿಕೊಂಡಿದೆ. ಪಡೆಯಬೇಕಾದರೆ ಪುರಾವೆ ಕೊಡಬೇಕು, ಅಂದರೆ ಗುಟ್ಟು ಬಿಡಬೇಕು. ಬೆಳಗಿನ ವಾಂತಿ, ತಲೆಸುತ್ತು, ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಾಗುವುದು ಇವುಗಳನ್ನು ದಿನದ ಟಾರ್ಗೆಟ್ಟಿನ ನಡುವೆ ಹೇಗೆ ನಿಭಾಯಿಸಬೇಕೆಂದು ಯಾವ ಕಾಯ್ದೆಯೂ ಹೇಳಲಿಲ್ಲ.

2015–16ರಲ್ಲೂ, 2019–21ರಲ್ಲೂ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ಕರ್ನಾಟಕದ ಬಸುರಿಯರ ಪೈಕಿ ನೂರಕ್ಕೆ ಸುಮಾರು 45 ಮಂದಿಯಲ್ಲಿ ರಕ್ತಹೀನತೆ ಕಂಡಿತು. ನಡುವೆ 2017ರ ಅಕ್ಟೋಬರ್ 2ರಂದು ರಾಜ್ಯ ಸರ್ಕಾರ ಮಾತೃಪೂರ್ಣ ಯೋಜನೆಯನ್ನು ತಂದಿತ್ತು: ಬಸುರಿ ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಹಾಲು. ಒಳ್ಳೆಯ ಊಟವೇ. ಆರಂಭದಲ್ಲಿದ್ದ ನಿಯಮದಂತೆ ಅದನ್ನು ಅಂಗನವಾಡಿಗೆ ಬಂದೇ ಉಣ್ಣಬೇಕಿತ್ತು. ಆ ಹೊತ್ತಿಗೆ ಗಾರ್ಮೆಂಟ್ಸಿನ ಹೆಣ್ಣುಮಗಳು ಕಾರ್ಖಾನೆಯೊಳಗೆ ಬೆಳಗಿನ ಡಬ್ಬಿ ಬಿಚ್ಚುತ್ತಿರುತ್ತಾಳೆ.