ಅಂಶ, ಛೇದ ಮತ್ತು ಗಡಿ: ತಾಳಮಲೆ ಸೀಮೆಯಿಂದ ಎರಡು ಮಹಾಮಾರಿಗಳ ಸಾವಿನ ಲೆಕ್ಕ

ಸಾವಿನ ದರವೆಂಬುದು ಒಂದು ಭಿನ್ನರಾಶಿ. ಅಂಶ ಸತ್ತವರ ಎಣಿಕೆ, ಛೇದ ಜನಸಂಖ್ಯೆ. ಬಡನಾಡುಗಳಲ್ಲಿ ಮಹಾಮಾರಿ ಹೆಚ್ಚು ಬಲಿ ಪಡೆಯುತ್ತದೆ ಎಂಬ ತಿಳಿವಳಿಕೆಗೆ 1918ರ ಇನ್‌ಫ್ಲುಯೆಂಜಾ ಆಧಾರ ಒದಗಿಸುತ್ತದೆ. ಕೋವಿಡ್‌ನ ಅಧಿಕೃತ ಅಂಕಿಗಳು ಅದನ್ನು ತಲೆಕೆಳಗು ಮಾಡುತ್ತವೆ. ಈ ವೈರುಧ್ಯವನ್ನು ತಮಿಳುನಾಡು-ಕರ್ನಾಟಕ ಗಡಿಯಲ್ಲಿ, ಎರಡು ಆಡಳಿತಗಳ ನಡುವಿನ ತಾಳಮಲೆ ಸೀಮೆಯ ನೆಲೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. 1918: ಅಲೆ ಮತ್ತು ಅಂತಸ್ತು

ಈಗ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿರುವ, ಈ ಸೀಮೆಯ ಕನ್ನಡ ಮನೆಮಾತಿನ ತಾಳವಾಡಿ 1918ರಲ್ಲಿ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕೊಳ್ಳೇಗಾಲವೂ 1956ರವರೆಗೆ ಅದೇ ಜಿಲ್ಲೆಯದು. ಸಮೀಪದ ಚಾಮರಾಜನಗರ ಮಾತ್ರ ಮೈಸೂರು ಸಂಸ್ಥಾನದ್ದು.

ಐ. ಡಿ. ಮಿಲ್ಸ್ 1986ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇನ್‌ಫ್ಲುಯೆಂಜಾ ಸಾವು ಮಧ್ಯ ಪ್ರಾಂತ್ಯದಲ್ಲಿ ಸಾವಿರಕ್ಕೆ 60ನ್ನು ಮೀರಿತ್ತು. ಮುಂಬಯಿ ಪ್ರಾಂತ್ಯದಲ್ಲಿ ಸುಮಾರು 55, ಮದ್ರಾಸಿನಲ್ಲಿ 17ರ ಆಸುಪಾಸು. ಮುಂಬಯಿಯು ಮದ್ರಾಸಿಗಿಂತ ಮೂರು ಪಟ್ಟು ಬಡ ಪ್ರಾಂತ್ಯವಾಗಿರಲಿಲ್ಲ. ಸೆಪ್ಟೆಂಬರಿನ ಎರಡನೇ ಅಲೆ ಪಶ್ಚಿಮದಲ್ಲಿ ತೀವ್ರವಾಗಿದ್ದು, ದಕ್ಷಿಣಕ್ಕೂ ಪೂರ್ವಕ್ಕೂ ಸರಿಯುವಾಗ ಸೌಮ್ಯವಾಯಿತು. ಆ ವರ್ಷ ಮುಂಗಾರು ಕೈಕೊಟ್ಟು ಧಾನ್ಯದ ಬೆಲೆಯೂ ಏರಿತ್ತು.

ಆದರೆ ಒಂದೇ ನಗರದೊಳಗೆ ಇಳಿದರೆ ಚಿತ್ರ ಬೇರೆ. ಮುಂಬಯಿ ನಗರದಲ್ಲಿ ಐರೋಪ್ಯರ ಸಾವು ಸಾವಿರಕ್ಕೆ 8.3, ಸವರ್ಣ ಹಿಂದೂಗಳದು 18.9; ‘ಕೆಳಜಾತಿ’ಯೆಂದು ದಾಖಲಾದ ಹಿಂದೂಗಳದು 61.6. ಪ್ರಾಂತ್ಯಗಳ ನಡುವಿನ ಅಂತರದಲ್ಲಿ ಅಲೆಯ ಪಾಲು ದೊಡ್ಡದು. ಕೇರಿಗಳ ನಡುವಿನ ಅಂತರಕ್ಕೆ ಮನೆ, ಅನ್ನ, ಆರೈಕೆಗಳ ಅಭಾವವೇ ಕಾರಣ. 2006ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಮರ್ರೆ ಮತ್ತು ಸಂಗಡಿಗರ ಅಧ್ಯಯನವೂ ಇದಕ್ಕೆ ಹೊಂದುತ್ತದೆ: ಪ್ರದೇಶಗಳ ನಡುವೆ 30 ಪಟ್ಟಿಗೂ ಮೀರಿದ ಅಂತರದಲ್ಲಿ ಸುಮಾರು ಅರ್ಧವನ್ನಷ್ಟೇ ತಲಾದಾಯ ವಿವರಿಸಿತು.

‘ಮದ್ರಾಸ್ 17’ ಎಂಬ ಸರಾಸರಿಯಲ್ಲಿ ತಾಳಮಲೆಯ ಸೋಲಿಗ, ಊರಾಳಿ ಬುಡಕಟ್ಟುಗಳ ಹಾಡಿಗಳು ಕಾಣುವುದಿಲ್ಲ. ಅಂದಿನ ದಫ್ತರಗಳಲ್ಲಿ ಇನ್‌ಫ್ಲುಯೆಂಜಾ ಸಾವುಗಳು ಬಹುಪಾಲು ‘ಜ್ವರ’ದ ಕಲಮಿಗೆ ಸೇರಿದವು.

2. ಕೋವಿಡ್: ಎಣಿಸಿದ್ದು, ಎಣಿಸದ್ದು

ಕೇರಳದ ಅಧಿಕೃತ ಕೋವಿಡ್ ಸಾವುಗಳು ಸುಮಾರು 70,000, ಅಂದರೆ ಲಕ್ಷಕ್ಕೆ 200ರಷ್ಟು. ಬಿಹಾರದವು 12,000ದ ಆಸುಪಾಸು, ಲಕ್ಷಕ್ಕೆ 10ರಷ್ಟು. ಆದರೆ 2021ರ ಜೂನ್-ಜುಲೈ ರಾಷ್ಟ್ರೀಯ ಸಮೀಕ್ಷೆಯಲ್ಲಿ ಪ್ರತಿಕಾಯ ಕಂಡುಬಂದದ್ದು ಬಿಹಾರದಲ್ಲಿ ಶೇ. 75.9 ಜನರಲ್ಲಿ, ಕೇರಳದಲ್ಲಿ ಶೇ. 44.4 ಜನರಲ್ಲಿ. ಕೇರಳದಲ್ಲಿ ವೃದ್ಧರು ಹೆಚ್ಚೆಂಬುದು ನಿಜ. ಅದೊಂದರಿಂದ 20 ಪಟ್ಟು ಅಂತರ ಹುಟ್ಟದು. ಮಹಾಮಾರಿಗೆ ಮುನ್ನ ಕೇರಳದಲ್ಲಿ ಹೆಚ್ಚುಕಡಿಮೆ ಎಲ್ಲ ಸಾವುಗಳೂ ನೋಂದಣಿಯಾಗುತ್ತಿದ್ದವು, ಬಿಹಾರದಲ್ಲಿ ಅರ್ಧದಷ್ಟು.

2020-21ರಲ್ಲಿ ಭಾರತದ ಹೆಚ್ಚುವರಿ ಸಾವುಗಳನ್ನು ವಿಶ್ವ ಆರೋಗ್ಯ ಸಂಸ್ಥೆ 47 ಲಕ್ಷವೆಂದು ಅಂದಾಜಿಸಿತು. ಅಧಿಕೃತ ಲೆಕ್ಕ 4.8 ಲಕ್ಷದಷ್ಟು. ಅಂದಾಜಿನ ವಿಧಾನವನ್ನು ಭಾರತ ಸರ್ಕಾರ ಒಪ್ಪಲಿಲ್ಲ. ಅದೇ ಅಂದಾಜಿನಂತೆ ಜಗತ್ತಿನ 1.49 ಕೋಟಿ ಹೆಚ್ಚುವರಿ ಸಾವುಗಳಲ್ಲಿ ಶೇ. 81 ಮಧ್ಯಮಾದಾಯದ ದೇಶಗಳದು.

3. ಗಡಿಯ ಲೆಕ್ಕ

ತಾಳವಾಡಿಯ ರೋಗಿಗೆ ದೊಡ್ಡ ಆಸ್ಪತ್ರೆ ತಲುಪಲು ಎರಡು ದಾರಿ: ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ, ಇಲ್ಲವೇ ಗಡಿ ದಾಟಿ ಚಾಮರಾಜನಗರ. 2021ರ ಮೇ 2ರ ರಾತ್ರಿ ಆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲೇ ಆಮ್ಲಜನಕದ ಅಭಾವ ಉಂಟಾಯಿತು. 24 ಗಂಟೆಗಳಲ್ಲಿ 24 ರೋಗಿಗಳು ಸತ್ತರು.

1969ರ ಜನನ-ಮರಣ ನೋಂದಣಿ ಕಾಯ್ದೆಯಂತೆ ಸಾವು ದಾಖಲಾಗುವುದು ಸಂಭವಿಸಿದ ಸ್ಥಳದಲ್ಲಿ. ತಾಳವಾಡಿಯವರು ಚಾಮರಾಜನಗರದ ಆಸ್ಪತ್ರೆಯಲ್ಲಿ ಸತ್ತರೆ ಅಂಶ ಕರ್ನಾಟಕದ ನೋಂದಣಿಗೆ ಸೇರುತ್ತದೆ, ಛೇದ ತಮಿಳುನಾಡಿನ ಜನಗಣತಿಯಲ್ಲಿ ಉಳಿಯುತ್ತದೆ. ತನ್ನಲ್ಲೇ ದೊಡ್ಡ ಆಸ್ಪತ್ರೆಯಿಲ್ಲದ ಸೀಮೆ ಹೀಗೆ ಕಾಗದದ ಮೇಲೆ ಆರೋಗ್ಯವಂತ ಸೀಮೆಯಾಗಿ ತೋರಬಹುದು. ಪ್ರದೇಶ ಮತ್ತು ಆದಾಯಗಳನ್ನು ಹೋಲಿಸುವ ಮುನ್ನ ಅಲೆಯ ತೀವ್ರತೆ, ಜನರ ಅಂತಸ್ತು, ದಾಖಲೆಯ ಸ್ವರೂಪ ಮೂರನ್ನೂ ಬಿಡಿಸಿ ನೋಡಬೇಕು. ಮೂರನೆಯದನ್ನು ಕೈಬಿಟ್ಟರೆ ಬಡತನವೇ ತನ್ನ ಸಾಕ್ಷ್ಯವನ್ನು ಅಳಿಸಿಹಾಕುತ್ತದೆ.